ಹಳ್ಳದಲ್ಲಿ ಸಿಕ್ಕ ಪಟ್ಟೆ ಮೀನು ಯಾವುದು? ಕಣ್ಣಿನ ಹತ್ತಿರ ಮುಳ್ಳಿದೆ

ಹಳ್ಳದಂಚಿನ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪ, ತೀರ್ಥಹಳ್ಳಿ ನಡುವಿನ ಒಂದು ಊರು. ಮನೆ ಕೆಳಗೆ ಹಳ್ಳ ಇದೆ, ಅದು ಮುಂದೆ ಹೋಗಿ ತುಂಗೆ ಸೇರುತ್ತದೆ. ಮಾರ್ಚ್ ಬಂತೆಂದರೆ ಹರಿವು ನಿಂತ ಹಾಗೆಯೇ, ಅಲ್ಲಲ್ಲಿ ಗುಂಡಿಗಳಲ್ಲಿ ಮಾತ್ರ ನೀರು. ನಿನ್ನೆ ಮಗ ಮತ್ತು ಅವನ ಗೆಳೆಯರು ಹಳೇ ಪಂಚೆ ಹಿಡಿದು ಸಣ್ಣ ಮೀನು ಗೋರುತ್ತಿದ್ದರು, ಅದರಲ್ಲಿ ಇದೊಂದು ಬಂತು. ಬೆರಳುದ್ದ ಇದೆ. ಹಳದಿ ಮೈ, ಅದರ ಮೇಲೆ ಓರೆ ಓರೆಯಾಗಿ ಕಪ್ಪು ಪಟ್ಟೆ. ನೋಡಿದರೆ ನವರಾತ್ರಿಯ ಹುಲಿವೇಷದ ನೆನಪಾಗುತ್ತದೆ. ಬಾಯಿ ಕೆಳಗಿದೆ, ಸುತ್ತ ಸಣ್ಣ ಮೀಸೆ.

ಕೇಳಬೇಕಾಗಿದ್ದು ಏನೆಂದರೆ, ಮಗ ಹಿಡಿದಾಗ ಅದರ ಕಣ್ಣಿನ ಹತ್ತಿರ ಏನೋ ಇದ್ದದ್ದು ಚುಚ್ಚಿ ಒಂದು ಹನಿ ರಕ್ತ ಬಂತು. ವಿಷ ಗಿಷ ಇದೆಯಾ? ಅಮ್ಮನನ್ನು ಕೇಳಿದರೆ "ಅದು ಮೊದಲಿಂದ್ಲೂ ಇದೆ ಕಣೋ, ಸಾರಿಗೂ ಆಗಲ್ಲ ಹುರಿಯೋಕೂ ಆಗಲ್ಲ, ಹೆಸರು ಯಾರು ಇಡ್ತಾರೆ" ಎಂದರು. ಸದ್ಯ ಬಕೆಟ್‌ನಲ್ಲಿದೆ. ಫೋಟೋ ಹಾಕಿದ್ದೇನೆ, ಮಸುಕಾಗಿದೆ, ಕ್ಷಮಿಸಿ.

ಗಾಳಗಾರ:
ಮಾರಾಯ್ರೆ, ಮುರುಗೋಡಿನ ಮರಿ ಇರಬೇಕು. ಇಲ್ಲಾಂದ್ರೆ ಮರಳೊಳಗೆ ಹೊಕ್ಕು ಕೂರುತ್ತಲ್ಲ, ಆ ಮೀನು. ವಿಷ ಏನೂ ಇಲ್ಲ. ಹುಡುಗನ ಕೈಗೆ ಅರಿಶಿನ ಹಚ್ಚಿ.

ಪುಸ್ತಕದ ಹುಳ:
ಎರಡೂ ಅಲ್ಲ ಗಾಳಗಾರರೇ, ಆದರೆ ಮರಳಿನ ಮೀನು ಅಂದದ್ದು ತೀರಾ ದೂರವೂ ಅಲ್ಲ, ಅವೆರಡೂ ನೆಂಟರೇ. ಫೋಟೋ ಮಸುಕಾಗಿದ್ದರೂ ಪಟ್ಟೆ ನೋಡಿದರೆ ಅನುಮಾನ ಬೇಡ. ಇದು ಬೋಟಿಯಾ ಸ್ಟ್ರಯೇಟಾ. ಅಕ್ವೇರಿಯಂನವರು ಜೀಬ್ರಾ ಲೋಚ್ ಅನ್ನುತ್ತಾರೆ. ಹೆಚ್ಚೆಂದರೆ 8 ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ, ಹಾಗಾಗಿ ನಿಮ್ಮ ಬಕೆಟ್‌ನಲ್ಲಿರುವುದು ಮರಿ ಅಲ್ಲ, ಬೆಳೆದದ್ದೇ.

ಮೊದಲು ಮುಳ್ಳಿನ ವಿಷಯ. ವಿಷ ಇಲ್ಲ, ಹೆದರಬೇಡಿ. ಕಣ್ಣಿನ ಕೆಳಗೆ ಒಂದು ಸಣ್ಣ ಸೀಳು ಇರುತ್ತದೆ, ಅದರೊಳಗೆ ಎರಡು ಕವಲಿನ ಮುಳ್ಳು ಮಡಚಿ ಕೂತಿರುತ್ತದೆ. ಸುಮ್ನೆ ಇದ್ದಾಗ ಕಾಣುವುದೇ ಇಲ್ಲ. ಹಿಡಿದರೆ ಅಥವಾ ಹೆದರಿದರೆ ಹೊರಗೆ ತೆಗೆದು ಬೀಗ ಹಾಕಿದ ಹಾಗೆ ನಿಲ್ಲಿಸುತ್ತದೆ. ನುಂಗಲು ಬಂದ ಹಾವಿಗೋ ಹಕ್ಕಿಗೋ ಗಂಟಲಲ್ಲಿ ಸಿಕ್ಕಿಕೊಳ್ಳಲಿ ಅಂತ. ಪಂಚೆಯಲ್ಲಿ ಹಿಡಿದಿದ್ದರೆ ಬಟ್ಟೆಗೂ ಸಿಕ್ಕಿಕೊಂಡಿರುತ್ತದೆ, ಅಲ್ವಾ? ಆಗ ಎಳೆಯಬೇಡಿ, ಮೀನಿನ ಮುಖವೇ ಹರಿದುಹೋಗುತ್ತದೆ. ಬಟ್ಟೆ ಸಮೇತ ನೀರಲ್ಲಿ ಬಿಟ್ಟರೆ ತಾನೇ ಮಡಚಿಕೊಂಡು ಹೋಗುತ್ತದೆ.

ಗಾಳಗಾರರು ಹೇಳಿದ ಮರಳು ಮೀನಿಗೂ ಕಣ್ಣಿನ ಕೆಳಗೆ ಮುಳ್ಳಿದೆ. ಅದು ಲೆಪಿಡೊಸೆಫಲಿಕ್ತಿಸ್ ಥರ್ಮಾಲಿಸ್ (ನಾಲಿಗೆ ಹೊರಳಿಸಿಕೊಳ್ಳಿ). ಶ್ರೀಲಂಕಾದ ಬಿಸಿನೀರಿನ ಬುಗ್ಗೆಯ ಮೀನು ನೋಡಿ 1846ರಲ್ಲಿ ಹಾಗೆ ಹೆಸರಿಟ್ಟರು, ಆದರೆ ನಮ್ಮ ಗದ್ದೆ ಕಾಲುವೆಯ ತಣ್ಣನೆ ನೀರಲ್ಲೂ ಇದೆ. ಅದರ ಮೈ ಮೇಲೆ ಪಟ್ಟೆಯಲ್ಲ, ಚುಕ್ಕೆ ಮಚ್ಚೆ. ಇನ್ನು ಸಿಸ್ಟುರಾ ಅಂತ ಒಂದು ಗುಂಪಿದೆ, ಅವಕ್ಕೂ ಪಟ್ಟೆ ಇರುತ್ತದೆ, ಕಲ್ಲಿನ ಸಂದಿಯಲ್ಲಿ ಇರುತ್ತವೆ, ಆದರೆ ಮುಳ್ಳಿಲ್ಲ. ಹಾಗಾಗಿ ನಿಮ್ಮ ಮಗನ ಬೆರಳೇ ಇಲ್ಲಿ ಸಾಕ್ಷಿ.

ಹಳ್ಳದಂಚಿನ ಮನೆ:
ಹೌದು ಸರ್, ಪಂಚೆಗೆ ಸಿಕ್ಕಿಕೊಂಡಿತ್ತು! ಬಿಡಿಸಲು ಹೋಗಿಯೇ ಚುಚ್ಚಿಸಿಕೊಂಡದ್ದು. ಇನ್ನೊಂದು ವಿಚಿತ್ರ, ರಾತ್ರಿ ಬಕೆಟ್‌ನಿಂದ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ನಾನು ಬಕೆಟ್ ಸೋರುತ್ತಿದೆ ಅಂದುಕೊಂಡೆ. ಹೆಂಡತಿ ಮೀನೇ ಅಂದಳು, ನಾನು ನಕ್ಕೆ.

ಗಾಜಿನ ಕೊಳ:
ನಗಬೇಡಿ, ನಿಮ್ಮ ಮನೆಯವರು ಹೇಳಿದ್ದೇ ಸರಿ. ಈ ಮೀನುಗಳು ಟಕ್ ಟಕ್ ಅನ್ನುತ್ತವೆ. ನಾನು ಬೆಂಗಳೂರಿನಲ್ಲಿ 6 ಸಾಕಿದ್ದೇನೆ, ನಾಲ್ಕು ವರ್ಷವಾಯಿತು. ಊಟ ಹಾಕಿದಾಗ, ಜಗಳವಾಡುವಾಗ ಗಾಜಿನ ಹೊರಗೂ ಕೇಳುತ್ತದೆ. ಮೊದಲ ಸಲ ಕೇಳಿದಾಗ ಹೀಟರ್ ಒಡೆಯಿತು ಅಂದುಕೊಂಡು ಸ್ವಿಚ್ ಆಫ್ ಮಾಡಿದ್ದೆ.

ಇನ್ನೊಂದು ಹೇಳಲೇಬೇಕು. ತಂದ ಮೊದಲ ವಾರ ಬೆಳಗ್ಗೆ ಎದ್ದು ನೋಡುತ್ತೇನೆ, ಎರಡು ಮೀನು ಮಗ್ಗುಲಾಗಿ ಬಿದ್ದಿವೆ. ಸತ್ತೇ ಹೋದವು ಅಂತ ಜಾಲರಿ ತಂದು ಎತ್ತಲು ಹೋದರೆ ಚಂಗನೆ ಎದ್ದು ಕಲ್ಲಿನ ಕೆಳಗೆ ನುಗ್ಗಿದವು. ಮಲಗುವುದೇ ಹಾಗೆ! ಆಮೇಲೆ ಮನೆಗೆ ಬಂದವರೆಲ್ಲ "ನಿಮ್ಮ ಮೀನು ಸತ್ತಿದೆ" ಅಂತ ಹೇಳುತ್ತಲೇ ಇದ್ದಾರೆ, ನಾನು ವಿವರಿಸುವುದನ್ನು ಬಿಟ್ಟಿದ್ದೇನೆ.

ತಿನ್ನುವುದು ಹುಳ, ಹುಪ್ಪಟೆ, ಬಸವನ ಹುಳು. ಬಸವನ ಹುಳು ಅಂದರೆ ಪ್ರಾಣ. ಚಿಪ್ಪಿನ ಬಾಯಿಗೆ ಮೂತಿ ಹಾಕಿ ಒಳಗಿರುವುದನ್ನು ಎಳೆದು ತಿಂದು ಖಾಲಿ ಚಿಪ್ಪು ಬಿಡುತ್ತವೆ. ಒಂದನ್ನೇ ಸಾಕಬಾರದು, ಇವಕ್ಕೆ ಜೊತೆ ಬೇಕು. ಒಂಟಿಯಾದರೆ ಮೂಲೆ ಹಿಡಿದು ಕೂರುತ್ತದೆ. ಆದ್ದರಿಂದ ಬಕೆಟ್‌ನಲ್ಲಿ ಇಡಬೇಡಿ, ಪಾಪ. ಅಂದಹಾಗೆ ಯಾವ ಹಳ್ಳ ಅದು? ಸರಿಯಾದ ಜಾಗ ಹೇಳಿದರೆ ಮುಂದಿನ ತಿಂಗಳು ಆ ಕಡೆ ಬರುವವನಿದ್ದೇನೆ.

ಕಾರೆಮುಳ್ಳು:
ದಯವಿಟ್ಟು ಜಾಗ ಹೇಳಬೇಡಿ. ಗಾಜಿನ ಕೊಳದವರ ಮೇಲೆ ನನಗೆ ಏನೂ ಇಲ್ಲ, ಆದರೆ ಇದು ಎಲ್ಲರೂ ಓದುವ ಜಾಗ. ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಈ ಮೀನು ಅಳಿವಿನಂಚಿನದ್ದು. 2005ರಿಂದ 2012ರ ನಡುವೆ ಭಾರತದಿಂದ ಅಪಾಯದಲ್ಲಿರುವ 30 ಜಾತಿಯ 15 ಲಕ್ಷಕ್ಕೂ ಜಾಸ್ತಿ ಸಿಹಿನೀರಿನ ಮೀನು ಅಕ್ವೇರಿಯಂಗಾಗಿ ಹೊರದೇಶಕ್ಕೆ ಹೋದವು ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅದರಲ್ಲಿ ದೊಡ್ಡ ಪಾಲು ಮೂರೇ ಬಗೆಯವು. ಒಂದು ಕೇರಳದವರು ಮಿಸ್ ಕೇರಳ ಅನ್ನುವ ಕೆಂಪು ಗೆರೆಯ ಮೀನು, ಇನ್ನೊಂದು ಬಟಾಣಿ ಗಾತ್ರದ ಊದುವ ಮೀನು. ಮೂರನೆಯದು ಈ ಬಕೆಟ್‌ನಲ್ಲಿ ಇರುವುದು.

ಬೇಸಿಗೆ ಗುಂಡಿ ಅಂದರೆ ಏನು ಗೊತ್ತಲ್ಲ, ಇಡೀ ಹಳ್ಳದ ಮೀನೆಲ್ಲ ಅಲ್ಲೇ ಸೇರಿರುತ್ತವೆ. ಒಬ್ಬ ಮನುಷ್ಯ ಒಂದು ಬಲೆ ಹಿಡಿದು ಅರ್ಧ ದಿನ ಕೂತರೆ ಖಾಲಿ.

ಗಾಜಿನ ಕೊಳ:
ನಾನು ಹಿಡಿಯಲು ಕೇಳಲಿಲ್ಲ, ನೋಡಲು ಕೇಳಿದೆ. ಆದರೂ ನೀವು ಹೇಳಿದ್ದು ಸರಿ, ಪ್ರಶ್ನೆ ಹಿಂದೆ ತೆಗೆದುಕೊಂಡೆ. ನನ್ನ ಮೀನುಗಳೂ ಯಾವುದೋ ಹಳ್ಳದಿಂದ ಬಂದಿರಬಹುದು ಅನ್ನುವ ಕಸಿವಿಸಿ ನನಗೂ ಇದೆ, ಸುಳ್ಳು ಹೇಳಲ್ಲ. ಮನೆ ತೊಟ್ಟಿಯಲ್ಲಿ ಇವು ಮರಿ ಮಾಡುವುದು ಇಲ್ಲವೆಂದೇ ಹೇಳಬೇಕು. ಗಪ್ಪಿ ಥರ ಅಲ್ಲ. ತಂದಾಗ ಇದೆಲ್ಲ ಗೊತ್ತಿರಲಿಲ್ಲ. ಈಗ ಇರುವವು ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳುತ್ತೇನೆ, ಮತ್ತೆ ತರುವುದಿಲ್ಲ.

ಗಾಳಗಾರ:
ನಾಲ್ಕು ವರ್ಷದಿಂದ ಸಾಕ್ತಾ ಇದ್ದೀರಿ, ಒಂದು ಸಲವೂ ಹುರಿದು ನೋಡಿಲ್ವಾ? ತಮಾಷೆ ಮಾಡಿದೆ ಮಾರಾಯ್ರೆ, ಬೈಬೇಡಿ.

ಪುಸ್ತಕದ ಹುಳ:
ಈ ಮೀನಿನ ಜೊತೆ ನಮ್ಮವರದೇ ಒಂದು ಕಥೆ ಇದೆ, ಅದನ್ನು ಹೇಳದಿದ್ದರೆ ನಿದ್ದೆ ಬರಲ್ಲ. ಇದನ್ನು ಮೊದಲು ವಿವರಿಸಿ ಹೆಸರಿಟ್ಟವರು ಬ್ರಿಟಿಷ್ ಅಧಿಕಾರಿ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್, 1920ರಲ್ಲಿ. ಮೈಸೂರು ಸಂಸ್ಥಾನದ ಹೊಸ ಮೀನುಗಳ ಬಗ್ಗೆ ಅವರು ಬರೆದದ್ದರಲ್ಲಿ ಇದೂ ಒಂದು, ಮೀನು ಸಿಕ್ಕಿದ್ದು ತುಂಗೆಯಲ್ಲೇ. ಅಂದರೆ ಹಳ್ಳದಂಚಿನವರೇ, ನಿಮ್ಮದು ಆ ಜಾತಿಯ ತವರುಮನೆ. ನಾರಾಯಣ ರಾವ್ ಅವರಿಗೆ ಹೆಸರು ಬಂದದ್ದು ಕಪ್ಪೆಗಳಿಂದ. 1932ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆ ಶುರುವಾದಾಗ ಮೊದಲ ಸಂಪಾದಕರು ಅವರೇ. ಮಳೆಗಾಲದಲ್ಲಿ ಪೊದೆಯಲ್ಲಿ ಕೂತು ಟಿಕ್ ಟಿಕ್ ಅನ್ನುವ ಪುಟ್ಟ ಕಪ್ಪೆಗಳಿವೆಯಲ್ಲ, ಆ ಕುಲಕ್ಕೆ 2010ರಲ್ಲಿ ಅವರ ನೆನಪಿಗೆ ರಾವೋರ್ಕೆಸ್ಟಿಸ್ ಅಂತ ಹೆಸರಿಟ್ಟರು. ಮೀನಿನ ವಿಷಯದಲ್ಲಿ ಅವರನ್ನು ನೆನೆಯುವವರು ಕಡಿಮೆ.

ಇನ್ನೊಂದು ಸ್ವಾರಸ್ಯ. ಬೋಟಿಯಾ ಕುಲದ ಉಳಿದ ಅಣ್ಣತಮ್ಮಂದಿರು ಇರುವುದು ಗಂಗೆ, ಬ್ರಹ್ಮಪುತ್ರ, ಬರ್ಮಾ ಕಡೆ. ಇದೊಂದು ಮಾತ್ರ ಸಹ್ಯಾದ್ರಿಯಲ್ಲಿ. ನಡುವೆ ನೂರಾರು ಕಿಲೋಮೀಟರ್ ಒಣ ಬಯಲು. ಹೇಗೆ ಬಂತು? ಸುಂದರ್ ಲಾಲ್ ಹೋರಾ ಅನ್ನುವ ಮೀನು ವಿಜ್ಞಾನಿ ಇದೇ ಥರದ ಪ್ರಶ್ನೆ ಹಿಡಿದು ಕೂತಿದ್ದರು. ಹಿಮಾಲಯದ ತೊರೆ ಮೀನುಗಳಿಗೂ ಸಹ್ಯಾದ್ರಿಯ ತೊರೆ ಮೀನುಗಳಿಗೂ ಇಷ್ಟು ಹೋಲಿಕೆ ಹೇಗೆ ಅಂತ. ಹಿಂದೆ ಹೆಚ್ಚು ಮಳೆಯಿದ್ದ ಕಾಲದಲ್ಲಿ ಮಧ್ಯ ಭಾರತದ ಸಾತ್ಪುರ ಬೆಟ್ಟಸಾಲು ಸೇತುವೆಯ ಹಾಗಿತ್ತು, ತೊರೆಯಿಂದ ತೊರೆಗೆ ದಾಟುತ್ತಾ ಇವು ದಕ್ಷಿಣಕ್ಕೆ ಬಂದವು ಅಂತ ಅವರ ವಾದ. ಚಂದದ ವಾದ. ಆದರೆ ಡಿಎನ್‌ಎ ನೋಡುವ ಕಾಲ ಬಂದ ಮೇಲೆ ಅದಕ್ಕೆ ಪೆಟ್ಟು ಬಿದ್ದಿದೆ. ಒಂದೇ ರೀತಿಯ ನೀರಿನ ರಭಸದಲ್ಲಿ ಬದುಕಿ ಬೇರೆ ಬೇರೆ ಮೀನುಗಳು ಒಂದೇ ರೂಪಕ್ಕೆ ಬಂದಿರಬಹುದು, ಎಲ್ಲಕ್ಕೂ ಒಂದೇ ದಾರಿ, ಒಂದೇ ಕಾಲ ಹೇಳಲಾಗದು ಅನ್ನುವವರು ಈಗ ಜಾಸ್ತಿ. ನನಗೆ ಮಾತ್ರ ಸಾತ್ಪುರದ ಕಥೆ ಮೇಲೆ ಇನ್ನೂ ಸ್ವಲ್ಪ ಮೋಹ ಇದೆ.

ಗಡಿಕಡೆಯವ:
ತುಂಗೆಯೊಂದೇ ತವರುಮನೆ ಅಂದರೆ ನಾವು ಒಪ್ಪಲ್ಲ ಹುಳ ಸರ್. ಕೊಲ್ಲಾಪುರದ ಪಂಚಗಂಗೆ ಕಡೆಯೂ ಇದೆ. ಅಲ್ಲಿಯದಕ್ಕೆ ಹಿಂದೆ ಕೊಲ್ಲಾಪುರದ ಹೆಸರೇ ಸೇರಿಸಿ ಬೇರೆ ಉಪಜಾತಿ ಅಂತಲೂ ಹೇಳಿದ್ದರು, ಆಮೇಲೆ ಎರಡೂ ಒಂದೇ ಅಂದರು. ತುಂಗೆಯೂ ಪಂಚಗಂಗೆಯೂ ಕೊನೆಗೆ ಹೋಗಿ ಸೇರುವುದು ಕೃಷ್ಣೆಗೇ ತಾನೆ.

ಪುಸ್ತಕದ ಹುಳ:
ಒಪ್ಪಿದೆ. ತವರುಮನೆ ತುಂಗೆ, ಗಂಡನ ಮನೆ ಪಂಚಗಂಗೆ, ಆಯ್ತಾ?

ಅಡಿಕೆ ತೋಟ:
ನಾನು ಶೃಂಗೇರಿ ಕಡೆಯವಳು. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ, ಯಾಕೆಂದರೆ ತಪ್ಪು ನಮ್ಮ ಮನೆಯದೂ ಇದೆ.

ಎಲ್ಲರೂ ಅಕ್ವೇರಿಯಂನವರನ್ನು ಬೈಯುತ್ತಿದ್ದೀರಿ. ನಮ್ಮ ಹಳ್ಳಕ್ಕೆ ಯಾವ ಅಕ್ವೇರಿಯಂನವನೂ ಬಂದಿಲ್ಲ. ಆದರೂ ನಾನು ಮದುವೆಯಾಗಿ ಬಂದಾಗ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಕಾಲಿಗೆ ಮುತ್ತುವಷ್ಟು ಮೀನಿದ್ದವು, ಈಗ ಇಲ್ಲ. ಪಟ್ಟೆ ಮೀನನ್ನು ನೋಡಿದ ನೆನಪು ಚೆನ್ನಾಗಿಯೇ ಇದೆ, ಸಂಜೆ ಕಲ್ಲಿನ ಅಡಿಯಿಂದ ನಾಲ್ಕೈದು ಒಟ್ಟಿಗೆ ಹೊರಗೆ ಬರುತ್ತಿದ್ದವು. ನಮ್ಮಲ್ಲೂ ಅದಕ್ಕೆ ಹೆಸರಿರಲಿಲ್ಲ.

ಕೊಳೆರೋಗಕ್ಕೆ ಔಷಧಿ ಹೊಡೆಯದೆ ಅಡಿಕೆ ಬೆಳೆಯಲು ಆಗುವುದಿಲ್ಲ, ಇದನ್ನು ಪೇಟೆಯವರು ತಿಳಿದುಕೊಳ್ಳಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಉಪ್ಪು), ಒಂದು ಕೆಜಿ ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಸಾಹೇಬರು ಹೇಳಿಕೊಟ್ಟಾಗಿನಿಂದ, ನೂರು ವರ್ಷದ ಮೇಲಾಯಿತು, ಇದೇ ಔಷಧಿ. ಮಳೆಗಾಲದ ನಡುವೆ ಹೊಡೆಯುವ ಎರಡನೇ ಸಲದ್ದು ನನಗೆ ಅಷ್ಟು ಹೆದರಿಕೆ ಅಲ್ಲ, ಹಳ್ಳ ತುಂಬಿ ಹರಿಯುತ್ತಿರುತ್ತದೆ. ಮೊದಲನೇ ಸಲದ್ದು ಇದೆಯಲ್ಲ, ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಅದು. ಆಗ ಹಳ್ಳದಲ್ಲಿ ಇರುವುದೇ ಗುಂಡಿ ನೀರು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಂಜೆ ಕೆಲಸ ಮುಗಿಸಿ ಡ್ರಮ್ಮು, ಪಂಪು, ಪೈಪು ಎಲ್ಲ ತಂದು ಅದೇ ಗುಂಡಿಯಲ್ಲಿ ತೊಳೆಯುತ್ತಾರೆ. ನೀಲಿ ನೀರು ಹರಡುವುದನ್ನು ನಾನೇ ನೋಡಿದ್ದೇನೆ. ಮಾರನೇ ದಿನ ಬಸವನ ಹುಳು, ಮೀನು, ಏಡಿ ಮರಿ ಎಲ್ಲ ಸತ್ತು ಬಿದ್ದಿದ್ದವು. ಆಮೇಲಿಂದ ನಮ್ಮ ಮನೆಯಲ್ಲಿ ತೋಟದ ಮೇಲ್ಗಡೆ ಒಂದು ಗುಂಡಿ ತೋಡಿಸಿ ಅಲ್ಲೇ ತೊಳೆಯಿರಿ ಅಂತ ಮಾಡಿದ್ದೇವೆ. ಅಕ್ಕಪಕ್ಕದವರಿಗೆ ಹೇಳಿದರೆ ನಗುತ್ತಾರೆ.

ಗಾಜಿನ ಕೊಳ:
ಅಕ್ಕ, ನೀವು ಬರೆದದ್ದು ಓದಿ ಮೈ ಜುಂ ಅಂತು. ಅಕ್ವೇರಿಯಂ ಸಾಕುವವರಲ್ಲಿ ಒಂದು ಮಾತಿದೆ, ತಾಮ್ರ ಇರುವ ಔಷಧಿಯನ್ನು ಲೋಚ್, ಅಂದರೆ ಈ ಜಾತಿಯ ಮೀನು ಇರುವ ತೊಟ್ಟಿಗೆ ಹಾಕಬೇಡಿ ಅಂತ. ಇವುಗಳ ಹುರುಪೆ ತೀರಾ ಸಣ್ಣದು, ಚರ್ಮದಲ್ಲೇ ಹೂತಿರುತ್ತದೆ, ಮುಟ್ಟಿದರೆ ಇಲ್ಲವೇನೋ ಅನ್ನುವಷ್ಟು ನುಣುಪು. ಇನ್ನು ಬಸವನ ಹುಳು ಸಾಯಿಸಲು ಬಳಸುವುದೇ ತಾಮ್ರ. ಮೀನು ಹೇಗೋ ಬದುಕಿತು ಅಂದುಕೊಂಡರೂ ಅದರ ಊಟ ಹೋಯಿತಲ್ಲ.

ಪುಸ್ತಕದ ಹುಳ:
ಇದಕ್ಕೆ ಇನ್ನೊಂದು ಸೇರಿಸಿ. ನೀರು ಗಡುಸಾಗಿದ್ದರೆ ತಾಮ್ರದ ವಿಷ ಸ್ವಲ್ಪ ತಗ್ಗುತ್ತದೆ, ಮೆದು ನೀರಲ್ಲಿ ಜಾಸ್ತಿ ತಟ್ಟುತ್ತದೆ. ಮಲೆನಾಡಿನ ಹಳ್ಳದ ನೀರು ಎಷ್ಟು ಮೆದು ಅಂತ ಸೋಪು ಹಚ್ಚಿದವರಿಗೆ ಗೊತ್ತು, ನೊರೆ ಹೋಗುವುದೇ ಇಲ್ಲ. ಅಕ್ಕ ಹೇಳಿದ ಮೇ ಕೊನೆಯ ಲೆಕ್ಕ ನಾನು ಯೋಚಿಸಿಯೇ ಇರಲಿಲ್ಲ.

ಕೊಡೆ ಮರೆತವ:
ಮೇ ಕೊನೆ, ಜೂನ್ ಮೊದಲು ಅಂದರೆ ನಮಗೆ ಹತ್ತು ಮೀನಿನ, ಅಂದರೆ ಮೇಲೆ ಹತ್ತಿ ಬರುವ ಮೀನಿನ ಕಾಲ. ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಹಳ್ಳ ಕೆಂಪಾಗಿ ಏರುತ್ತಿದ್ದಂತೆ ಮೀನು ಮೇಲಕ್ಕೆ ಹತ್ತುತ್ತವೆ, ತೋಡಿನಿಂದ ಗದ್ದೆಗೆ, ಗದ್ದೆಯಿಂದ ಮೇಲಿನ ಗದ್ದೆಗೆ. ನಮ್ಮಜ್ಜ ಗದ್ದೆಯ ಅಂಚು ಕಡಿದು ಕೂಳಿ (ಮೀನು ಹಿಡಿಯುವ ಬುಟ್ಟಿ) ಇಡುತ್ತಿದ್ದರು. ಬೆಳಗ್ಗೆ ಕೂಳಿ ಕೊಡವಿದರೆ ಮೇಲೆ ದೊಡ್ಡವು, ತಳದಲ್ಲಿ ಏಡಿ, ಕಸ, ಇಂಥ ಚಿಲ್ಲರೆ ಮೀನು. ಪಟ್ಟೆಯದು ಇದ್ದದ್ದು ನೆನಪಿದೆ, ಅಜ್ಜ ಅದನ್ನು ಎರಡು ಬೆರಳಲ್ಲಿ ಬಾಲ ಹಿಡಿದು ಎಸೆಯುತ್ತಿದ್ದರು. ತಲೆ ಹಿಡಿಯಬೇಡ ಚುಚ್ಚುತ್ತೆ ಅಂತ ನನಗೂ ಹೇಳಿದ್ದರು. ಈಗ ಈ ಚರ್ಚೆ ಓದುವಾಗ ಥಟ್ಟನೆ ಅಜ್ಜನ ಕೈ ಕಣ್ಣಿಗೆ ಬಂತು. ಹೆಸರು ಗೊತ್ತಿಲ್ಲದಿದ್ದರೂ ಎಲ್ಲಿ ಹಿಡಿಯಬೇಕು ಅಂತ ಗೊತ್ತಿತ್ತು ಅವರಿಗೆ.

ಗಾಳಗಾರ:
ಹತ್ತು ಮೀನು ಅಂದ್ರಲ್ಲ, ಹೊಟ್ಟೆ ಉರಿಸಬೇಡಿ. ನಾನು ಈಗ ದಾವಣಗೆರೆಯಲ್ಲಿ ಕೂತಿದ್ದೇನೆ.

ಆದರೆ ಒಂದು ಮಾತು ಗಂಭೀರವಾಗಿ ಹೇಳುತ್ತೇನೆ. ಗಾಳ ಹಾಕಿದವರಿಂದ, ಕೂಳಿ ಇಟ್ಟವರಿಂದ ಹಳ್ಳ ಖಾಲಿ ಆಗಿಲ್ಲ. ತೋಟೆ (ಸಿಡಿಮದ್ದು) ಹಾಕುವವರು, ಬ್ಲೀಚಿಂಗ್ ಪುಡಿ ಸುರಿಯುವವರು, ಅವರನ್ನು ಹಿಡಿಯಿರಿ. ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಅದೂ ತಪ್ಪೇ, ಆದರೆ ಊರವರೆಲ್ಲ ಸೇರಿ ವರ್ಷಕ್ಕೊಂದು ಸಲ. ಬ್ಲೀಚಿಂಗ್ ಪುಡಿ ಹಾಕುವವನಿಗೆ ಬೇಕಾದದ್ದು ನಾಲ್ಕು ದೊಡ್ಡ ಮೀನು, ಅದಕ್ಕೆ ಗುಂಡಿಯಲ್ಲಿದ್ದ ನಾಲ್ಕು ಸಾವಿರ ಸಣ್ಣವು ಸಾಯುತ್ತವೆ.

ಮಂಡಕ್ಕಿ:
ಶೃಂಗೇರಿ ದೇವಸ್ಥಾನದ ಸ್ನಾನಘಟ್ಟದಲ್ಲಿ, ತೀರ್ಥಹಳ್ಳಿ ಹತ್ತಿರದ ಛಿಬ್ಬಲಗುಡ್ಡೆಯಲ್ಲಿ ಮೀನು ಹಿಡಿಯುವ ಹಾಗಿಲ್ಲವಲ್ಲ. ಅಲ್ಲಿ ಈ ಸಣ್ಣ ಮೀನೂ ಉಳಿಯುತ್ತದೆ ತಾನೆ? ನಾನು ಹೋದಾಗಲೆಲ್ಲ ಮಂಡಕ್ಕಿ ಹಾಕುತ್ತೇನೆ, ಮೈಮೇಲೆ ಬೀಳುವ ಹಾಗೆ ಬರುತ್ತವೆ.

ಕಾರೆಮುಳ್ಳು:
ನಿಮ್ಮ ಮಂಡಕ್ಕಿಗೆ ಬರುವವು ತೋಳುದ್ದದ ಮೀನುಗಳು. ದೇವರ ಮೀನು ಅಂತ ಜನ ಕಾಪಾಡಿದ್ದಾರೆ, ಅದು ದೊಡ್ಡ ಕೆಲಸವೇ. ಆದರೆ ಪಟ್ಟೆ ಮೀನು ಮಂಡಕ್ಕಿಗೆ ಮೇಲೆ ಬರುವ ಜಾತಿಯಲ್ಲ. ಹಗಲು ಕಲ್ಲಿನ ಅಡಿ, ಕತ್ತಲಾದ ಮೇಲೆ ತಳದಲ್ಲಿ ಮೂತಿ ಆಡಿಸುತ್ತಾ ಓಡಾಟ. ಅದಕ್ಕೆ ಬೇಕಾದದ್ದು ತಿಳಿ ನೀರು, ಜಲ್ಲಿ, ಮರಳು, ಸಂದಿ ಇರುವ ಕಲ್ಲು. ಮರಳು ತೆಗೆದರೆ ಅದರ ಮನೆ ಕಿತ್ತ ಹಾಗೆ. ಮೇಲೆ ಗುಡ್ಡ ಜರಿದು ಮಣ್ಣು ಬಂದು ಸಂದಿ ಮುಚ್ಚಿದರೂ ಅಷ್ಟೇ. ದೇವಸ್ಥಾನದ ಮುಂದೆ ಅರ್ಧ ಕಿಲೋಮೀಟರ್ ಹೊಳೆ ಚೆನ್ನಾಗಿದ್ದು, ಅದಕ್ಕೆ ಸೇರುವ ಹಳ್ಳಗಳೆಲ್ಲ ಹಾಳಾದರೆ ಈ ಮೀನಿಗೆ ಏನು ಬಂತು?

ಮಂಡಕ್ಕಿ:
ಸರಿ ಸರ್, ಕೇಳಿದ್ದಕ್ಕೆ ಇಷ್ಟು ಬೈಯಬೇಕಾ.

ಕಾರೆಮುಳ್ಳು:
ಬೈದಿಲ್ಲ, ನನ್ನ ಬರವಣಿಗೆಯೇ ಹಾಗೆ. ಹೆಸರು ನೋಡಿ.

ಹಳ್ಳದಂಚಿನ ಮನೆ:
ಉತ್ತರ ಕೊಟ್ಟ ಎಲ್ಲರಿಗೂ ನಮಸ್ಕಾರ. ಮೀನನ್ನು ಮೊನ್ನೆಯೇ ಅದೇ ಗುಂಡಿಗೆ ಬಿಟ್ಟೆವು. ಹುಳ ಸರ್ ಹೇಳಿದ ಹಾಗೆ ಕೈಯಲ್ಲಿ ಹಿಡಿಯದೆ ಬಕೆಟ್ ಸಮೇತ ಮುಳುಗಿಸಿದೆವು. ಒಂದು ಕ್ಷಣ ತಳದಲ್ಲಿ ನಿಂತಿತು, ಆಮೇಲೆ ಯಾವ ಕಲ್ಲಿನಡಿ ಹೋಯಿತು ಅಂತ ಗೊತ್ತಾಗಲಿಲ್ಲ.

ನಿನ್ನೆ ರಾತ್ರಿ ಎಂಟರ ಮೇಲೆ ಮಗನನ್ನು ಕರೆದುಕೊಂಡು ಟಾರ್ಚ್ ಹಿಡಿದು ಹೋದೆ. ಮೊದಲು ಬರೀ ಏಡಿ, ಸಿಗಡಿ. ಸಿಗಡಿ ಕಣ್ಣು ಬೆಳಕಿಗೆ ಕೆಂಡದ ಹಾಗೆ ಹೊಳೆಯುತ್ತದೆ. ಹತ್ತು ನಿಮಿಷ ಮಾತಾಡದೆ ಕೂತ ಮೇಲೆ ಬಂದವು ನೋಡಿ, ಎಣಿಸಿದರೆ ಏಳು. ಒಂದರ ಹಿಂದೆ ಒಂದು, ಜಲ್ಲಿಯ ಮೇಲೆ ಮೂತಿ ಕುಟ್ಟುತ್ತಾ. ಒಂದು ಇನ್ನೊಂದನ್ನು ತಳ್ಳುತ್ತದೆ, ಅದು ಸುತ್ತು ಹಾಕಿ ಮತ್ತೆ ಬರುತ್ತದೆ. ಟಾರ್ಚ್ ನೇರ ಬಿಟ್ಟರೆ ಮಾಯ, ಓರೆಯಾಗಿ ಹಿಡಿದರೆ ಅವಕ್ಕೆ ಪರಿವೆಯೇ ಇಲ್ಲ. ನಲವತ್ತೆರಡು ವರ್ಷ ಈ ಹಳ್ಳದ ಪಕ್ಕ ಇದ್ದೇನೆ, ಇದನ್ನು ನೋಡಿದ್ದು ನಿನ್ನೆ.

ಹೋದ ಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಗುಂಡಿಯ ಆಚೆ ದಡದಲ್ಲಿ ಪಕ್ಕದ ತೋಟದವರ ಪಂಪ್‌ಸೆಟ್ ಇದೆ, ಅದರ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ನಮ್ಮ ಗುಂಡಿಯಲ್ಲೇ. ಅವರಿಗೂ ತೋಟ ಒಣಗುತ್ತಿದೆ, ಬೇಡ ಅನ್ನಲು ನಾನು ಯಾರು. ಇವತ್ತು ಬೆಳಗ್ಗೆ ಹೋಗಿ ಮಾತಾಡಿದೆ. ಮೀನಿನ ವಿಷಯ ಹೇಳಿದರೆ "ಯಾವ್ದು, ಆ ಚುಚ್ಚೋದಾ?" ಅಂದರು. ಕೊನೆಗೆ ಫುಟ್‌ವಾಲ್ವ್‌ಗೆ ಸೊಳ್ಳೆಪರದೆ ಸುತ್ತಲು ಒಪ್ಪಿದರು. ನೀರು ಎಲ್ಲಿವರೆಗೆ ಇಳಿದರೆ ನಿಲ್ಲಿಸುತ್ತೀರಿ ಅಂತ ಕೇಳಿದ್ದಕ್ಕೆ, "ನೋಡೋಣ, ಮಳೆ ಯಾವಾಗ ಬರುತ್ತೋ" ಅಂದರು.

ಮಗ ಒಂದು ಕಲ್ಲಿನ ಮೇಲೆ ಸುಣ್ಣದಲ್ಲಿ ಗೆರೆ ಎಳೆದಿದ್ದಾನೆ. ಮಧ್ಯಾಹ್ನದ ಹೊತ್ತಿಗೆ ನೀರು ಗೆರೆಯಿಂದ ನಾಲ್ಕು ಬೆರಳು ಕೆಳಗಿತ್ತು.

ಅಡಿಕೆ ತೋಟ:
ಆ ಗೆರೆಯ ಫೋಟೋ ದಿನಾ ಇಲ್ಲಿ ಹಾಕಿ ತಮ್ಮಾ.